ಸುಪ್ರೀಂ ಕೋರ್ಟಲ್ಲಿ ಗೆದ್ದ ಮೇಲೂ ಅಮೆರಿಕದ ಸಿಎಫ್‌ಪಿಬಿಗೆ ಬೀಗ ಬಿದ್ದಿದ್ದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ? ಸಾಲ, ಕ್ರೆಡಿಟ್ ಕಾರ್ಡ್ ವಿಷಯದಲ್ಲಿ ಗ್ರಾಹಕರ ಪರ ನಿಲ್ಲುವ ಅಮೆರಿಕದ ಸರ್ಕಾರಿ ಸಂಸ್ಥೆ ಸಿಎಫ್‌ಪಿಬಿ 2024ರಲ್ಲಿ ಸುಪ್ರೀಂ ಕೋರ್ಟಲ್ಲಿ ಗೆದ್ದಿತ್ತು. ಮರುವರ್ಷವೇ ಅದರ ಕಚೇರಿ ಮುಚ್ಚಿತು. ಹಾಗಾದರೆ ಗೆದ್ದಿದ್ದೇನು? ಡಲ್ಲಾಸ್‌ನಲ್ಲಿರುವ ನಿಮ್ಮ ಅಕ್ಕ ಈಗ ಯಾರ ಹತ್ತಿರ ದೂರು ಕೊಡಬೇಕು?

ನಾನು ಬೆಂಗಳೂರಲ್ಲಿ ಕೂತು ಅಮೆರಿಕದ ಬ್ಯಾಂಕೊಂದರ ದೂರುಗಳನ್ನು ನೋಡಿಕೊಳ್ಳುತ್ತಿದ್ದವನು. ಗ್ರಾಹಕರು ನೇರವಾಗಿ ಬರೆದ ದೂರು ಸರದಿಯಲ್ಲಿ ಕಾಯುತ್ತಿತ್ತು. ಅದೇ ದೂರು ಸಿಎಫ್‌ಪಿಬಿ ಮೂಲಕ ಬಂದರೆ ಟೀಮ್ ಲೀಡ್ ಕುರ್ಚಿ ಬಿಟ್ಟು ನಮ್ಮ ಡೆಸ್ಕಿಗೇ ಬರುತ್ತಿದ್ದರು. 15 ದಿನದೊಳಗೆ ಉತ್ತರ ಹೋಗಲೇಬೇಕು. ಗ್ರಾಹಕ ಅವನೇ, ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆದಾಗ ಬೀಳುವ ಓವರ್‌ಡ್ರಾಫ್ಟ್ ಶುಲ್ಕವೂ ಅದೇ. ಬಂದ ದಾರಿಗೆ ತಕ್ಕಂತೆ ಮರ್ಯಾದೆ! ಅವತ್ತಿನಿಂದ ಈ ಸಂಸ್ಥೆಯ ಕೇಸುಗಳನ್ನು ಓದುವ ಚಟ ಅಂಟಿಕೊಂಡಿತು.

2008ರ ಬ್ಯಾಂಕ್ ಕುಸಿತದ ನಂತರ, 2010ರ ಡಾಡ್-ಫ್ರಾಂಕ್ ಕಾನೂನಿನಿಂದ ಇದು ಹುಟ್ಟಿತು. ಯೋಚನೆ ಎಲಿಜಬೆತ್ ವಾರನ್ ಅವರದು. ಆಗ ಅವರು ಹಾರ್ವರ್ಡ್‌ನಲ್ಲಿ ಕಾನೂನು ಪಾಠ ಮಾಡುತ್ತಿದ್ದರು. ಬ್ಯಾಂಕುಗಳ ಒತ್ತಡಕ್ಕೆ ಸಂಸ್ಥೆ ಬಗ್ಗಬಾರದು ಅಂತ ಕಾನೂನಿನಲ್ಲಿ ಎರಡು ಬಂದೋಬಸ್ತ್ ಮಾಡಿದರು. ಒಬ್ಬರೇ ನಿರ್ದೇಶಕರು, ಐದು ವರ್ಷ ಅವಧಿ, ಸರಿಯಾದ ಕಾರಣ ಇಲ್ಲದೆ ಅಧ್ಯಕ್ಷರೂ ತೆಗೆಯುವ ಹಾಗಿಲ್ಲ. ಇನ್ನೊಂದು, ದುಡ್ಡಿಗಾಗಿ ಪ್ರತಿ ವರ್ಷ ಸಂಸತ್ತಿನ ಮುಂದೆ ಕೈ ಚಾಚಬೇಕಿಲ್ಲ. ನಿರ್ದೇಶಕರು ಇಷ್ಟು ಬೇಕು ಅಂದರೆ, ಒಂದು ಮಿತಿಯೊಳಗೆ, ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಕೊಡಬೇಕು.

ಆ "ನಿರ್ದೇಶಕರು ಇಷ್ಟು ಬೇಕು ಅಂದರೆ" ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಎಡವಟ್ಟೆಲ್ಲ ಅಲ್ಲೇ ಇದೆ.

ಕುರ್ಚಿ ಎಷ್ಟು ಮುಖ್ಯ ಅನ್ನೋದು 2017ರ ನವೆಂಬರ್‌ನಲ್ಲೇ ಗೊತ್ತಾಯ್ತು. ಮೊದಲ ನಿರ್ದೇಶಕ ರಿಚರ್ಡ್ ಕಾರ್ಡ್ರೆ ರಾಜೀನಾಮೆ ಕೊಡುವಾಗ ತಮ್ಮ ಕೈಕೆಳಗಿನ ಲಿಯಾಂಡ್ರಾ ಇಂಗ್ಲಿಷ್ ಅವರನ್ನು ಹಂಗಾಮಿಯಾಗಿ ಕೂರಿಸಿ ಹೋದರು. ಟ್ರಂಪ್ ಅದೇ ಕುರ್ಚಿಗೆ ತಮ್ಮ ಬಜೆಟ್ ಮುಖ್ಯಸ್ಥ ಮಿಕ್ ಮುಲ್ವೇನಿ ಅವರನ್ನು ಕಳಿಸಿದರು. ಸೋಮವಾರ ಬೆಳಿಗ್ಗೆ ಮುಲ್ವೇನಿ ಡೋನಟ್ ಹಿಡಿದುಕೊಂಡು ಕಚೇರಿಗೆ ಬಂದರು. ಸಿಬ್ಬಂದಿಗೆ ಇಬ್ಬರಿಂದಲೂ ಇಮೇಲ್, ಎರಡರ ಕೆಳಗೂ "ಹಂಗಾಮಿ ನಿರ್ದೇಶಕ"! ಯಾರ ಮಾತು ಕೇಳೋದು ಹೇಳಿ? ಕೋರ್ಟ್ ಮುಲ್ವೇನಿಯನ್ನು ತಡೆಯಲಿಲ್ಲ. ಜನವರಿ 2018ರಲ್ಲಿ ಅವರು ಫೆಡರಲ್ ರಿಸರ್ವ್‌ಗೆ ಪತ್ರ ಬರೆದು ಕೇಳಿದ ಮೊತ್ತ ಸೊನ್ನೆ ಡಾಲರ್. ಕೈಯಲ್ಲಿರುವ 17.7 ಕೋಟಿ ಡಾಲರ್ ಸಾಕು ಅಂದರು. ಅದೊಂದು ರಿಹರ್ಸಲ್ ಆಗಿತ್ತು ಅಂತ ನನಗೆ ಈಗ ಅನ್ನಿಸುತ್ತೆ.

2020ರಲ್ಲಿ ಮೊದಲ ಬಂದೋಬಸ್ತ್ ಹೋಯಿತು. ಸೀಲಾ ಲಾ ಅನ್ನುವ ಕ್ಯಾಲಿಫೋರ್ನಿಯಾದ ವಕೀಲರ ಸಂಸ್ಥೆ ಹಾಕಿದ್ದ ಕೇಸಿನಲ್ಲಿ, ಒಬ್ಬರೇ ಇರುವ ನಿರ್ದೇಶಕರಿಗೆ ಅಂಥ ರಕ್ಷಣೆ ಕೊಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು. ಸಂಸ್ಥೆ ಉಳಿಯಲಿ, ಅಧ್ಯಕ್ಷರು ನಿರ್ದೇಶಕರನ್ನು ಯಾವಾಗ ಬೇಕಾದರೂ ತೆಗೆಯಲಿ ಅಂದಿತು. ಇದರ ಲಾಭ ಮೊದಲು ಪಡೆದವರು ಬೈಡನ್. 2021ರಲ್ಲಿ ಅಧಿಕಾರ ಹಿಡಿದ ದಿನವೇ ಟ್ರಂಪ್ ನೇಮಿಸಿದ್ದ ನಿರ್ದೇಶಕಿ ಕ್ಯಾಥಿ ಕ್ರ್ಯಾನಿಂಗರ್ ಅವರ ರಾಜೀನಾಮೆ ಪಡೆದರು. ಆಗ ಖುಷಿಪಟ್ಟವರೇ 2025ರಲ್ಲಿ ಗೋಳಾಡಿದರು, ಇರಲಿ.

ನೀವು ಹೇಳಿದ 2024ರ ಕೇಸು ಪೇಡೇ ಸಾಲ, ಅಂದರೆ ಮುಂದಿನ ಸಂಬಳದವರೆಗಿನ ದುಬಾರಿ ಕೈಸಾಲ, ಕೊಡುವವರ ಸಂಘದ್ದು. ಸಂಸತ್ತನ್ನು ಬಿಟ್ಟು ಹೀಗೆ ದುಡ್ಡು ಪಡೆಯೋದು ಸಂವಿಧಾನಕ್ಕೆ ಒಪ್ಪುತ್ತಾ ಅನ್ನೋದಷ್ಟೇ ಅಲ್ಲಿನ ಪ್ರಶ್ನೆ. ಒಪ್ಪುತ್ತೆ ಅಂತ 7-2ರಲ್ಲಿ ತೀರ್ಪು ಬಂತು. ಬರೆದವರು ಕಟ್ಟಾ ಸಂಪ್ರದಾಯವಾದಿ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್! ಆದರೆ ದುಡ್ಡು ಪಡೆಯಬಹುದು ಅನ್ನೋದು ಬೇರೆ, ಕೇಳೋರು ಯಾರು ಅನ್ನೋದು ಬೇರೆ. ಸಂಸ್ಥೆಯೇ ಬೇಡ ಅನ್ನುವವರನ್ನು ಆ ಕುರ್ಚಿಯಲ್ಲಿ ಕೂರಿಸಲು 2020ರ ತೀರ್ಪು ದಾರಿ ಮಾಡಿಕೊಟ್ಟಾಗಿತ್ತು.

ಹಾಗೇ ಆಯ್ತು. 2025ರ ಫೆಬ್ರವರಿ 1ರಂದು ಟ್ರಂಪ್ ಆಗಿನ ನಿರ್ದೇಶಕ ರೋಹಿತ್ ಚೋಪ್ರಾ ಅವರನ್ನು ತೆಗೆದರು. ಒಂದು ವಾರದಲ್ಲಿ ಟ್ರಂಪ್ ಅವರ ಬಜೆಟ್ ಮುಖ್ಯಸ್ಥ ರಸಲ್ ವೋಟ್ ಹಂಗಾಮಿಯಾಗಿ ಬಂದರು. ಕೆಲಸ ನಿಲ್ಲಿಸಿ ಅಂದರು, ವಾಷಿಂಗ್ಟನ್ ಕಚೇರಿ ಮುಚ್ಚಿಸಿದರು, ಈ ಕಂತಿನ ದುಡ್ಡು ಬೇಡ ಅಂದರು. ಏಪ್ರಿಲ್‌ನಲ್ಲಿ ಸುಮಾರು 1,700 ಜನರಲ್ಲಿ 1,500ರಷ್ಟು ಜನರಿಗೆ ಕೆಲಸದಿಂದ ತೆಗೆಯುವ ನೋಟಿಸ್ ಹೋಯಿತು. ನೌಕರರ ಸಂಘ ಕೋರ್ಟಿಗೆ ಹೋಗಿದ್ದರಿಂದ ನ್ಯಾಯಾಧೀಶೆ ಆಮಿ ಬರ್ಮನ್ ಜಾಕ್ಸನ್ ಅದನ್ನು ತಡೆದರು. ಆಗಸ್ಟ್‌ನಲ್ಲಿ ಮೇಲ್ಮನವಿ ಕೋರ್ಟಿನ ಮೂವರ ಪೀಠ ತಡೆ ತೆಗೆಯಿತು. ಡಿಸೆಂಬರ್‌ನಲ್ಲಿ ಪೂರ್ಣ ಪೀಠ ಆ ತೀರ್ಪನ್ನೇ ರದ್ದು ಮಾಡಿ, ಮತ್ತೆ ವಿಚಾರಣೆ ಅಂದಿತು.

ಈ ನಡುವೆ ಸರ್ಕಾರ ಹೊಸ ವಾದ ಹೂಡಿತು. ಕಾನೂನು ಫೆಡರಲ್ ರಿಸರ್ವ್‌ನ "ಗಳಿಕೆ"ಯಿಂದ ದುಡ್ಡು ಕೊಡಿ ಅನ್ನುತ್ತೆ. ಫೆಡರಲ್ ರಿಸರ್ವ್ 2022ರಿಂದ ನಷ್ಟದಲ್ಲಿತ್ತು, ಆದ್ದರಿಂದ ಕೊಡಲು ಏನೂ ಇಲ್ಲವಂತೆ! ಜಾಕ್ಸನ್ ಒಪ್ಪಲಿಲ್ಲ. ಸಂಸತ್ತು ಮಾತ್ರ 2025ರಲ್ಲೇ ಸದ್ದಿಲ್ಲದೆ ಸಂಸ್ಥೆ ಕೇಳಬಹುದಾದ ದುಡ್ಡಿನ ಮಿತಿಯನ್ನು ಫೆಡರಲ್ ರಿಸರ್ವ್‌ನ ನಿರ್ವಹಣಾ ವೆಚ್ಚದ 12ರಿಂದ 6.5 ಶೇಕಡಾಕ್ಕೆ ಇಳಿಸಿಬಿಟ್ಟಿದೆ. ಕೋರ್ಟಿನ ಗದ್ದಲದಲ್ಲಿ ಇದನ್ನು ಜಾಸ್ತಿ ಜನ ಗಮನಿಸಲಿಲ್ಲ.

ಇನ್ನು ನಿಮ್ಮ ಅಕ್ಕನ ವಿಷಯ. ಮೊದಲು ಬ್ಯಾಂಕಿಗೇ ಬರಹದಲ್ಲಿ ದೂರು ಕೊಡಲಿ, ಪ್ರತಿ ಇಟ್ಟುಕೊಳ್ಳಲಿ. ಜೊತೆಗೆ ಟೆಕ್ಸಾಸ್ ಅಟಾರ್ನಿ ಜನರಲ್, ಅಂದರೆ ಆ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯ ಕಚೇರಿಗೂ ಕಳಿಸಲಿ. ಡಾಡ್-ಫ್ರಾಂಕ್ ಕಾನೂನಿನಡಿ ಕೇಸು ಹಾಕುವ ಅಧಿಕಾರ ರಾಜ್ಯಗಳಿಗೂ ಇದೆ. ಆ ಅಧಿಕಾರಕ್ಕೆ ವಾಷಿಂಗ್ಟನ್‌ನ ಕುರ್ಚಿಯಲ್ಲಿ ಯಾರಿದ್ದಾರೆ ಅನ್ನೋದು ಲೆಕ್ಕಕ್ಕಿಲ್ಲ.