ತುಪ್ಪ ತೆಗೆದ ಜಾಗಕ್ಕೆ ಏನು ಹಾಕಿದಿರಿ?

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನಾನು ಆಹಾರ ತಜ್ಞೆ. ಇಂಥ ಮನೆಗಳವರು ಈಗ ನನ್ನ ಬಳಿ ಮೇಲಿಂದ ಮೇಲೆ ಬರುತ್ತಿದ್ದಾರೆ, ಅದಕ್ಕೇ ಬರೆಯುತ್ತಿರುವುದು.

ಬೆಂಗಳೂರಿನ ದಂಪತಿ, ಇಬ್ಬರೂ ವೀಗನ್, ಅಂದರೆ ಹಾಲು, ತುಪ್ಪ ಸೇರಿ ಪ್ರಾಣಿಗಳಿಂದ ಬರುವ ಏನನ್ನೂ ತಿನ್ನದವರು. ಹತ್ತು ತಿಂಗಳ ಮಗಳು. ಎದೆಹಾಲಿನ ಜೊತೆ ರಾಗಿ ಸರಿ, ಬೇಳೆ ಕಟ್ಟು, ಬೇಯಿಸಿದ ತರಕಾರಿ. ಎರಡು ತಿಂಗಳಿಂದ ತೂಕ ಏರಿಲ್ಲ. ಕಾಯಿಲೆ ಏನಿಲ್ಲ, ಊಟ ಸರಿ ಮಾಡಿಸಿ ಎಂದು ಮಕ್ಕಳ ಡಾಕ್ಟರು ಕಳಿಸಿದ್ದರು. ಅಜ್ಜಿ ಕದ್ದು ತುಪ್ಪ ಹಾಕಿ ಸಿಕ್ಕಿಬಿದ್ದಿದ್ದರು. ಅಲ್ಲಿಂದ ಅತ್ತೆ ಸೊಸೆಗೆ ಮಾತಿಲ್ಲ.

ಎರಡನೇ ಸಲ ಅಜ್ಜಿಯನ್ನೂ ಕರೆಸಿದೆ, ಮಗುವಿನ ಊಟವನ್ನೂ ತರಿಸಿದೆ. ಡಬ್ಬಿ ತೆರೆದರೆ ಸರಿಯ ಮೇಲೆ ಒಣ ಪದರ. ಚಮಚದಲ್ಲಿ ಎತ್ತಿದರೆ ನೀರಿನಂತೆ ಸುರಿಯಿತು. ಎಣ್ಣೆಯ ಪಸೆಯೇ ಇಲ್ಲ.

"ನಮ್ಮನೇಲಿ ಎಣ್ಣೇನೇ ಬಳಸಲ್ಲ ಮೇಡಂ," ಅಂದರು ಅಪ್ಪ. "ನನಗೆ ಕೊಲೆಸ್ಟ್ರಾಲ್ ಜಾಸ್ತಿ ಇತ್ತು."

ಅಜ್ಜಿ ಆವರೆಗೂ ಸುಮ್ನೆ ಕೂತಿದ್ದರು. "ತುಪ್ಪಾನೇ ಹಾಕ್ಬೇಕು ಅಂತ ನಂಗೇನೂ ಹಟ ಇಲ್ಲಮ್ಮ. ತುಪ್ಪ ತೆಗೆದ್ರಲ್ಲ, ಆ ಜಾಗಕ್ಕೆ ಏನು ಹಾಕಿದ್ರು? ಅದನ್ನ ಯಾರೂ ಹೇಳಲ್ಲ."

ಸೊಸೆ ತಿರುಗಿದರು. "ಎಣ್ಣೆ ಹಾಕಿದ್ರೆ ನಿಮಗೆ ಸಮಾಧಾನಾನಾ ಅತ್ತೆ?"

"ನಮ್ಮ ಊರಲ್ಲಿ ತುಪ್ಪ ಎಲ್ಲಿತ್ತೇ? ನಾವು ಹುಚ್ಚೆಳ್ಳೆಣ್ಣೆ ತಿಂದೇ ಬೆಳೆದೋರು."

ಜಗಳ ಅಲ್ಲಿಗೇ ಅರ್ಧ ಇಳಿಯಿತು.

ಆಮೇಲೆ ಲೆಕ್ಕ ಹೇಳಿದೆ. ಎದೆಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕೊಬ್ಬಿನಿಂದ ಬರುತ್ತದೆ. 100 ಗ್ರಾಂ ರಾಗಿಯಲ್ಲಿ ಕೊಬ್ಬು 2 ಗ್ರಾಂ ಕೂಡ ಇಲ್ಲ. ಮಗುವಿನ ಹೊಟ್ಟೆ ಪುಟ್ಟದು, ನೀರು ಸರಿಯಿಂದಲೇ ತುಂಬಿಬಿಡುತ್ತದೆ. ಒಂದು ಟೀ ಚಮಚ ಎಣ್ಣೆ ಎಂದರೆ ಸುಮಾರು 40 ಕ್ಯಾಲೊರಿ, ಊಟದ ಅಳತೆ ಹೆಚ್ಚಿಸದೆ. ಮೊದಲ ಎರಡು ವರ್ಷ ಮಿದುಳು ಬಹಳ ಬೇಗ ಬೆಳೆಯುವ ಕಾಲ. ಆಗ ಕೊಬ್ಬಿಗೆ ಕತ್ತರಿ ಹಾಕಬಾರದು. ಅಪ್ಪನ ಪಥ್ಯ ಅಪ್ಪನಿಗಿರಲಿ.

ಸರಿಯನ್ನು ಗಟ್ಟಿ ಮಾಡಿ, ಬಟ್ಟಲಿಗೊಂದು ಟೀ ಚಮಚ ಎಣ್ಣೆ ಹಾಕಿ ಅಂದೆ. ಎಳ್ಳು, ಕಡಲೆಕಾಯಿ ನುಣ್ಣಗೆ ಅರೆದು ಬೆರೆಸಬಹುದು. ಹೊಸದನ್ನು ಒಂದೊಂದಾಗಿ, ಸ್ವಲ್ಪ ಸ್ವಲ್ಪವೇ ಕೊಟ್ಟು ಅಲರ್ಜಿ ಆಗುತ್ತದಾ ನೋಡಬೇಕು. ಇಡೀ ಬೀಜ ಐದು ವರ್ಷದವರೆಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಣ್ಣೆಹಣ್ಣು ಕಿವುಚಿ ಕೊಟ್ಟರೆ ಒಳ್ಳೆಯದು. ಕೊಬ್ಬರಿಯಲ್ಲಾಗಲಿ ಕಡಲೆಕಾಯಿ ಎಣ್ಣೆಯಲ್ಲಾಗಲಿ ಒಮೆಗಾ-3 ಎಂಬ, ಮೈಗೆ ಬೇಕಾದ ಬಗೆಯ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಅಗಸೆ ಬೀಜದ ಪುಡಿ, ಅಕ್ರೋಟ್ ಪೇಸ್ಟ್ ಬೇಕು. ಅಗಸೆ ಪುಡಿ ಒಂದು ವಾರಕ್ಕಾಗುವಷ್ಟೇ ಮಾಡಿಡಿ, ಇಲ್ಲದಿದ್ದರೆ ಕಮಟು ಹಿಡಿಯುತ್ತದೆ. ಮಿದುಳಿಗೆ ಬೇಕಾದ, ಒಮೆಗಾ-3ರಲ್ಲೇ ಒಂದು ಬಗೆಯಾದ ಡಿಎಚ್‌ಎ ಅಗಸೆಯಿಂದ ನಮ್ಮ ಮೈಯಲ್ಲಿ ತೀರಾ ಕಡಿಮೆ ತಯಾರಾಗುತ್ತದೆ. ಪಾಚಿಯಿಂದ ತೆಗೆದ ಡಿಎಚ್‌ಎ ಹನಿ ಸಿಗುತ್ತದೆ, ಡಾಕ್ಟರನ್ನು ಕೇಳಿ ಅಂದೆ. ಬಾದಾಮಿ ಹಾಲು ಬಹುಪಾಲು ನೀರು. ಎದೆಹಾಲಿನ ಬದಲಿಗೆ ಅದು ಆಗುವುದಿಲ್ಲ.

ಸುಮ್ನೆ ತುಪ್ಪ ಹಾಕಿ ಅನ್ನಬಹುದಿತ್ತಲ್ವಾ ಎಂದು ಜೊತೆಯವರೊಬ್ಬರು ಕೇಳಿದರು. ಅನ್ನಬಹುದಿತ್ತು. ಅವರು ಮತ್ತೆ ನನ್ನ ಬಾಗಿಲಿಗೆ ಬರುತ್ತಿರಲಿಲ್ಲ, ಸರಿ ನೀರಾಗಿಯೇ ಉಳಿಯುತ್ತಿತ್ತು. ಹಾಲು ಬಿಟ್ಟಿದ್ದು ಅವರು ಯೋಚಿಸಿ ಮಾಡಿದ ತೀರ್ಮಾನ. ಅದನ್ನು ಬದಲಿಸಲು ಅವರು ನನ್ನನ್ನು ಕೇಳಿರಲಿಲ್ಲ. ಆದರೆ ವಿಟಮಿನ್ ಬಿ12 ವಿಷಯದಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಅದು ಗಿಡದ ಆಹಾರದಿಂದ ಸಿಗುವುದಿಲ್ಲ. ತಾಯಿಗೂ ಮಗುವಿಗೂ ಡಾಕ್ಟರು ಹೇಳಿದಷ್ಟು ತಪ್ಪದೆ ಬೇಕು. ಪ್ರತಿ ತಿಂಗಳು ತೂಕವನ್ನೂ ನೋಡಿಸಬೇಕು. ಇವೆರಡಕ್ಕೂ ಒಪ್ಪದಿದ್ದರೆ ನಾನು ವೀಗನ್ ಊಟದ ಪಟ್ಟಿ ಬರೆದುಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಅಮ್ಮ ಒಪ್ಪಿದರು. ಅಪ್ಪ ಎರಡು ಪ್ರಶ್ನೆ ಕೇಳಿ ಒಪ್ಪಿದರು.

ಮುಂದಿನ ಭೇಟಿಗಳಲ್ಲಿ ತೂಕದ ಗೆರೆ ಮತ್ತೆ ಮೇಲೆ ಹೊರಟಿತ್ತು. ಅಗಸೆ ಹುರಿದು ಪುಡಿ ಮಾಡುವ ಕೆಲಸ ಈಗ ಅಜ್ಜಿಯದು. ಅಪ್ಪನ ಸಾರಿಗೆ ಮಾತ್ರ ಇನ್ನೂ ಒಗ್ಗರಣೆ ಬಿದ್ದಿಲ್ಲವಂತೆ.