ಮಗಳು ಅಳಿಯ ಬಾಲಿಗೆ ಹೊರಟಿದ್ದಾರೆ: ಸಂಪಾದಕರ ಉತ್ತರ

ಓದುಗರ ಪತ್ರ: “ಫೆಬ್ರುವರಿಯಲ್ಲಿ ಮಗಳ ಮದುವೆ. ಮಾರ್ಚ್‌ನಲ್ಲಿ ಗಂಡ ಹೆಂಡತಿ ಎಂಟು ದಿನ ಬಾಲಿ ದ್ವೀಪಕ್ಕೆ ಹೋಗುತ್ತಾರಂತೆ. ಅಲ್ಲಿ ಫೋನು, ಸರ ಕಿತ್ತುಕೊಂಡು ಓಡುತ್ತಾರೆ, ಎಟಿಎಂನಲ್ಲಿ ದುಡ್ಡು ಮಾಯವಾಗುತ್ತದೆ ಎಂದು ಕೇಳಿದ ಮೇಲೆ ನಿದ್ದೆ ಬರುತ್ತಿಲ್ಲ. ಮಾಂಗಲ್ಯ ಬಿಚ್ಚಿಟ್ಟು ಹೋಗು ಎನ್ನಲು ಬಾಯಿ ಬರುತ್ತಿಲ್ಲ. ಹೋಗುವುದೇ ಬೇಡ ಎಂದುಬಿಡಲೇ?” – ದಾವಣಗೆರೆಯ ಓದುಗರೊಬ್ಬರು

ಬೇಡ ಎನ್ನಬೇಡಿ ತಾಯಿ. 2024ರಲ್ಲಿ ಬೆಂಗಳೂರಿನಿಂದ ಬಾಲಿಯ ರಾಜಧಾನಿ ಡೆನ್‌ಪಸಾರಿಗೆ ನೇರ ವಿಮಾನ ಶುರುವಾದ ಮೇಲೆ ನಮ್ಮ ಕಡೆಯ ಹೊಸ ದಂಪತಿಗಳು ಅಲ್ಲಿಗೆ ಹೋಗುವುದು ಹೆಚ್ಚಿದೆ, ನಿಮ್ಮಂಥವರ ಪತ್ರಗಳೂ ಹೆಚ್ಚಿವೆ. ಚಾಕು ತೋರಿಸಿ ದೋಚುವುದು ಬಾಲಿಯಲ್ಲಿ ಅಪರೂಪ. ಅಲ್ಲಿ ನಡೆಯುವುದು ಹೆಚ್ಚಾಗಿ ಕೈಚಳಕದ ಕಳ್ಳತನ. ಪ್ರವಾಸಿಗರು ಫೋನನ್ನು ರಸ್ತೆ ಕಡೆಗೆ ಚಾಚಿದಾಗ, ಎಣಿಸಿದ ನೋಟಿನ ಕಂತೆಯನ್ನು ಮತ್ತೆ ಕೌಂಟರಿನವನ ಕೈಗೆ ಕೊಟ್ಟಾಗ, ಬಾಡಿಗೆ ಸ್ಕೂಟರಿಗೆ ಪಾಸ್‌ಪೋರ್ಟ್ ಒತ್ತೆ ಇಟ್ಟಾಗ ಅದು ಆಗುತ್ತದೆ. ಇಂಥ ಕೆಲವೇ ಗಳಿಗೆಗಳಲ್ಲಿ ಎಚ್ಚರ ಇದ್ದರೆ ಎಂಟು ದಿನವೂ ಹೆದರಿಕೊಂಡು ಓಡಾಡಬೇಕಿಲ್ಲ.

ಮೊದಲು ಮಾಂಗಲ್ಯದ ಮಾತು. ಬಿಚ್ಚಿಡಬೇಕಾಗಿಲ್ಲ. ಎರಡೆಳೆಯ ದಪ್ಪ ಚಿನ್ನದ ಸರವನ್ನು ಮಾತ್ರ ಊರಿನ ಲಾಕರಿನಲ್ಲಿ ಬಿಡಲಿ. ತಾಳಿಯನ್ನು ಅರಿಶಿನ ದಾರಕ್ಕೋ ಒಂದೆಳೆ ಕರಿಮಣಿಗೋ ಪೋಣಿಸಿ ಬಟ್ಟೆಯೊಳಗೆ ಹಾಕಿಕೊಂಡರೆ ಸಾಕು. ಬೈಕಿನ ಮೇಲೆ ಬರುವ ಕಳ್ಳನಿಗೆ ದೂರದಿಂದ ಹೊಳೆಯುವ ಚಿನ್ನ ಕಾಣಬೇಕು, ದಾರ ಕಾಣುವುದಿಲ್ಲ. ಇನ್ನೊಂದು ಕಾರಣವೂ ಇದೆ. ಗಟ್ಟಿ ಸರ ಎಳೆದಾಗ ಬೇಗ ತುಂಡಾಗುವುದಿಲ್ಲ, ಕುತ್ತಿಗೆ ಕೊಯ್ಯುತ್ತದೆ, ಹೆಣ್ಣುಮಗಳನ್ನು ನೆಲಕ್ಕೆ ಕೆಡವುತ್ತದೆ. ಅದರ ಮುಂದೆ ಚಿನ್ನದ ನಷ್ಟ ಸಣ್ಣದು.

ಹೀಗೆ ಕಿತ್ತುಕೊಂಡು ಹೋಗುವವರನ್ನು ಅಲ್ಲಿ ‘ಜಂಬ್ರೆತ್’ ಎನ್ನುತ್ತಾರೆ. ಒಂದೇ ಬೈಕಿನಲ್ಲಿ ಇಬ್ಬರು. ಮುಂದಿನವನು ಓಡಿಸುತ್ತಾನೆ, ಹಿಂದಿನವನು ಕೈ ಹಾಕುತ್ತಾನೆ. ಕುಟ, ಲೆಗಿಯಾನ್, ಸೆಮಿನ್ಯಾಕ್, ಚಾಂಗು ಪ್ರದೇಶಗಳ ಓಣಿಗಳು ಇಕ್ಕಟ್ಟು, ಬಹಳ ಕಡೆ ಫುಟ್‌ಪಾತೇ ಇಲ್ಲ. ನಡೆಯುವವರ ಮೊಣಕೈ ಸವರಿಕೊಂಡೇ ಬೈಕು ಹೋಗುತ್ತದೆ. ದಾರಿ ಹುಡುಕಲು ಫೋನು ತೆಗೆಯಬೇಕಾದರೆ ಯಾವುದಾದರೂ ಅಂಗಡಿಯೊಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನೋಡಲಿ. ನಡೆಯುವಾಗ ಎದುರಿನಿಂದ ವಾಹನ ಬರುವ ಬದಿಯನ್ನೇ ಹಿಡಿಯಲಿ, ಬ್ಯಾಗು ಗೋಡೆ ಕಡೆಗಿರಲಿ. ಸ್ಕೂಟರಿನಲ್ಲಿದ್ದಾಗ ಮಾತ್ರ ಬ್ಯಾಗನ್ನು ಎದೆಗೆ ಅಡ್ಡ ಹಾಕಿಕೊಳ್ಳುವುದು ದೊಡ್ಡ ತಪ್ಪು. ಪಟ್ಟಿ ಎಳೆದರೆ ಬ್ಯಾಗಿನ ಜೊತೆ ಮನುಷ್ಯರೂ ರಸ್ತೆಗೆ ಬೀಳುತ್ತಾರೆ. ಬ್ಯಾಗು ಸೀಟಿನ ಕೆಳಗಿನ ಡಬ್ಬಿಯೊಳಗೆ ಹೋಗಬೇಕು. ಹ್ಯಾಂಡಲಿಗೆ ಸಿಕ್ಕಿಸುವ ಫೋನ್ ಹೋಲ್ಡರ್ ಕೂಡ ಕಳ್ಳನಿಗೆ ತಟ್ಟೆಯಲ್ಲಿಟ್ಟು ಕೊಟ್ಟಂತೆ. ದಾರಿಯನ್ನು ಒಂದು ಕಿವಿಯ ಇಯರ್‌ಫೋನಿನಲ್ಲಿ ಕೇಳಿಸಿಕೊಂಡರೆ ಆಯಿತು.

ಫೋನು ಹೋದರೆ ಅದರ ಜೊತೆ ಒಟಿಪಿಯೂ ಹೋಗುತ್ತದೆ, ಬ್ಯಾಂಕಿನ ಬಾಗಿಲೇ ಮುಚ್ಚಿದಂತೆ. ಆದ್ದರಿಂದ ಇಬ್ಬರ ಕಾರ್ಡುಗಳೂ ಒಂದೇ ಪರ್ಸಿನಲ್ಲಿರಬಾರದು. ಅವನದು ಅವನ ಬಳಿ, ಅವಳದು ಅವಳ ಬಳಿ, ಒಂದು ಕಾರ್ಡು ಕೋಣೆಯ ಲಾಕರಿನಲ್ಲಿ. ಬ್ಯಾಂಕಿನ ದೂರು ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಲಿ, ಅದೂ +91ರಿಂದ ಶುರುವಾಗುವ ಸಂಖ್ಯೆಯನ್ನು. 1800ರಿಂದ ಶುರುವಾಗುವ ಉಚಿತ ಸಂಖ್ಯೆಗಳನ್ನು ನೆಚ್ಚಿಕೊಳ್ಳುವಂತಿಲ್ಲ, ವಿದೇಶದಿಂದ ಅವು ಸಾಮಾನ್ಯವಾಗಿ ಸಿಗುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತಾಗುವುದು ಕಾರ್ಡು ಕಳೆದ ಮೇಲೆಯೇ.

ಎಟಿಎಂ ವಿಷಯದಲ್ಲಿ ನೀವು ಕೇಳಿದ್ದು ಸುಳ್ಳಲ್ಲ. ಕಾರ್ಡು ತೂರಿಸುವ ಬಾಯಿಗೆ ನಕಲು ಮಾಡುವ ಸಾಧನ, ಮೇಲೆ ಪಿನ್ ನೋಡುವ ಸಣ್ಣ ಕ್ಯಾಮೆರಾ ಕೂರಿಸಿದ ಪ್ರಕರಣಗಳಲ್ಲಿ ಅಲ್ಲಿ ಬಂಧನಗಳಾಗಿವೆ. ನಮ್ಮ ಕಾರ್ಡಿನಲ್ಲಿ ಚಿಪ್ ಇದ್ದರೂ ಹಿಂದಿನ ಕಪ್ಪು ಪಟ್ಟಿ ಹಾಗೇ ಇರುತ್ತದೆ, ಕದಿಯುವುದು ಆ ಪಟ್ಟಿಯ ಮಾಹಿತಿಯನ್ನು. ರಸ್ತೆ ಬದಿಯ ಗಾಜಿನ ಗೂಡಿನ ಯಂತ್ರ ಬೇಡ. ಬ್ಯಾಂಕ್ ಶಾಖೆಯ ಒಳಗಿನದು, ಹಗಲು ಹೊತ್ತಿನಲ್ಲಿ. ಕಾರ್ಡಿನ ಬಾಯಿಯನ್ನು ಬೆರಳಿನಿಂದ ಅಲುಗಾಡಿಸಿ ನೋಡಬೇಕು, ಇನ್ನೊಂದು ಅಂಗೈಯಿಂದ ಪಿನ್ ಒತ್ತುವ ಕೈ ಮುಚ್ಚಬೇಕು. ಅಲ್ಲಿನ ಎಷ್ಟೋ ಯಂತ್ರಗಳು ಮೊದಲು ಹಣ ಕೊಟ್ಟು ಆಮೇಲೆ ಕಾರ್ಡು ಹೊರಹಾಕುತ್ತವೆ. ಹಣ ಎಣಿಸುತ್ತಾ ಹೊರಟವರ ಕಾರ್ಡು ಅಲ್ಲೇ ಉಳಿಯುತ್ತದೆ. ಇದು ಕಳ್ಳತನವಲ್ಲ, ಆದರೆ ನಷ್ಟ ಒಂದೇ.

ರಿಸರ್ವ್ ಬ್ಯಾಂಕ್ ನಿಯಮದಂತೆ 2020ರ ಮಾರ್ಚ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಹೊರಡುವ ಮೊದಲು ತೆರೆದು, ದಿನದ ಮಿತಿಯನ್ನು ಚಿಕ್ಕದಾಗಿಟ್ಟು, ವಾಪಸ್ ಬಂದ ರಾತ್ರಿಯೇ ಮುಚ್ಚಲಿ. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಮೂರನೆಯವರು ಹಣ ಕದ್ದರೆ, ಬ್ಯಾಂಕಿನಿಂದ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ಹೊಣೆಯಿಲ್ಲ ಎಂದು 2017ರ ಸುತ್ತೋಲೆ ಹೇಳುತ್ತದೆ. ಊರಿಗೆ ಬಂದ ಮೇಲೆ ನೋಡೋಣ ಎಂದು ಕೂತರೆ ಆ ಗಡುವು ದಾಟಿರುತ್ತದೆ.

ಹಣ ಬದಲಾಯಿಸುವ ಮೋಸವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಬುದ್ಧಿವಂತರೇ ಇದರಲ್ಲಿ ಬೀಳುತ್ತಾರೆ. ಡಾಲರಿಗೆ 16,000 ರೂಪಿಯಾ (ಬಾಲಿ ಇರುವ ಇಂಡೊನೇಷ್ಯಾದ ಹಣ) ಎಂದಿಟ್ಟುಕೊಳ್ಳಿ. 200 ಡಾಲರಿಗೆ 32 ಲಕ್ಷ ರೂಪಿಯಾ ಬರಬೇಕು. ಒಂದು ಲಕ್ಷದ ನೋಟಾದರೆ 32 ಹಾಳೆ, ಎಣಿಸಲು ಅರ್ಧ ನಿಮಿಷ ಸಾಕು. ಸುತ್ತಲಿನವರಿಗಿಂತ ಹೆಚ್ಚಿನ ದರದ ಬೋರ್ಡು ಹಾಕಿದ ಓಣಿಯ ಅಂಗಡಿಯವನು ಅದನ್ನೇ 20,000ದ ನೋಟಿನಲ್ಲಿ ಕೊಡುತ್ತಾನೆ: 160 ಹಾಳೆ. ಹತ್ತು ಹತ್ತರ ಗುಡ್ಡೆ ಮಾಡಿ ನಿಮ್ಮ ಮುಂದೆಯೇ ಎಣಿಸುತ್ತಾನೆ, ಲೆಕ್ಕ ಸರಿಯಿರುತ್ತದೆ. ನೀವೂ ಎಣಿಸುತ್ತೀರಿ, ಒಂದು ನೋಟು ಕಡಿಮೆ ಬರುತ್ತದೆ. ಅವನು ಕ್ಷಮೆ ಕೇಳಿ ಕಂತೆಯನ್ನು ವಾಪಸ್ ತೆಗೆದುಕೊಂಡು, ಆ ಒಂದು ನೋಟನ್ನು ನಿಮಗೆ ಕಾಣುವ ಹಾಗೆ ಮೇಲಿಟ್ಟು ಸೇರಿಸುತ್ತಾನೆ. ಅದೇ ಹೊತ್ತಿಗೆ ಕೆಳಗಿನ ಹದಿನೈದಿಪ್ಪತ್ತು ನೋಟು ಕೌಂಟರಿನ ಹಿಂದೆ ಜಾರಿರುತ್ತವೆ. ಒಮ್ಮೆ ಎಣಿಸಿದ್ದೇವೆ ಎಂಬ ಧೈರ್ಯದಲ್ಲಿ ಯಾರೂ ಎರಡನೇ ಸಲ ಎಣಿಸುವುದಿಲ್ಲ.

ಆದ್ದರಿಂದ ಅಳಿಯನಿಗೆ ಒಂದೇ ನಿಯಮ ಹೇಳಿ: ಕೊನೆಗೆ ಎಣಿಸುವ ಕೈ ತನ್ನದೇ ಆಗಿರಬೇಕು, ಆ ಮೇಲೆ ಕಂತೆ ಯಾರ ಕೈಗೂ ಹೋಗಬಾರದು. ಲೆಕ್ಕ ತಪ್ಪಿದರೆ ಡಾಲರ್ ವಾಪಸ್ ಕೇಳಿ ಎದ್ದು ಬರಬೇಕು. ಇಂಡೊನೇಷ್ಯಾದ ಕೇಂದ್ರ ಬ್ಯಾಂಕಿನ ಪರವಾನಗಿ ಇರುವ ಅಂಗಡಿಯಲ್ಲಿ ‘ಬೆರಿಝಿನ್’ ಎಂಬ ಪದವಿರುವ ಲಾಂಛನ ಕಾಣುತ್ತದೆ, ಎಣಿಸುವ ಯಂತ್ರವಿರುತ್ತದೆ, ರಸೀದಿ ಕೊಡುತ್ತಾರೆ. ಬಟ್ಟೆ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡವನ ಬಳಿ ಇವು ಇರುವುದಿಲ್ಲ. ಒಯ್ಯುವ 100 ಡಾಲರಿನ ನೋಟುಗಳು ಹೊಸವಾಗಿರಲಿ. ಮಡಿಕೆ, ಗೀಚು ಇದ್ದರೆ ದರ ಇಳಿಸುತ್ತಾರೆ ಇಲ್ಲವೇ ಬೇಡ ಎನ್ನುತ್ತಾರೆ. ಅಲ್ಲಿ ಸಾವಿರದ ಗುರುತಿಗೆ ಅಲ್ಪವಿರಾಮ ಹಾಕುವುದಿಲ್ಲ, ಚುಕ್ಕಿ ಇಡುತ್ತಾರೆ: 100.000. ಕತ್ತಲಲ್ಲಿ ಟ್ಯಾಕ್ಸಿಯವನಿಗೆ ನೇರಳೆ ಬಣ್ಣದ ಹತ್ತು ಸಾವಿರವೆಂದುಕೊಂಡು ಕೆಂಪು ಬಣ್ಣದ ಲಕ್ಷದ ನೋಟು ಕೊಡುವವರಿದ್ದಾರೆ. ಮೊದಲ ದಿನವೇ ಕೋಣೆಯಲ್ಲಿ ಕೂತು ನೋಟುಗಳನ್ನು ಬೆಳಕಿನಲ್ಲಿ ನೋಡಿ ಗುರುತು ಹಿಡಿದುಕೊಳ್ಳಲಿ.

ಇನ್ನು ನೀವು ಕೇಳದ, ಆದರೆ ನಮಗೆ ಕಳ್ಳರಿಗಿಂತ ಹೆಚ್ಚು ಚಿಂತೆ ತರುವ ವಿಷಯ: ಬಾಡಿಗೆ ಸ್ಕೂಟರ್. ನಮ್ಮ ಹಾಗೆಯೇ ಎಡಬದಿಯ ಸಂಚಾರ, ಅದಕ್ಕೇ ನಮ್ಮ ಹುಡುಗರಿಗೆ ಅತಿಯಾದ ಧೈರ್ಯ. ಊರಿನ ಲೈಸೆನ್ಸ್ ಮಾತ್ರ ಇದ್ದರೆ ಅಲ್ಲಿ ನಡೆಯುವುದಿಲ್ಲ. ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಬೇಕು. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅದರಲ್ಲಿ ದ್ವಿಚಕ್ರ ವಾಹನದ ವರ್ಗಕ್ಕೂ ಮುದ್ರೆ ಬಿದ್ದಿರಬೇಕು. ಕಾರಿನ ಲೈಸೆನ್ಸ್ ಮಾತ್ರ ಇರುವವರಿಗೆ ಆ ಮುದ್ರೆ ಸಿಗದು. ಅದಿಲ್ಲದೆ ಬಿದ್ದು ಕಾಲು ಮುರಿದುಕೊಂಡರೆ ಪ್ರವಾಸ ವಿಮೆಯವರು ಮೊದಲು ಕೇಳುವ ಕಾಗದವೇ ಅದು. ಇಲ್ಲವೆಂದರೆ ಕ್ಲೇಮು ತಳ್ಳಿಹಾಕುತ್ತಾರೆ, ಖಾಸಗಿ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗೆ ಮೊದಲೇ ಠೇವಣಿ ಕೇಳುತ್ತವೆ. ಫೋನು ಕಳೆದರೆ ಒಂದು ಫೋನು. ಇಲ್ಲಿ ಕಳೆಯುವುದು ಮದುವೆಗೆಂದು ಕೂಡಿಟ್ಟ ಹಣವೆಲ್ಲ.

ಸ್ಕೂಟರು ಬೇಕೇ ಬೇಕೆಂದರೆ, ಒಪ್ಪಿಸಿಕೊಳ್ಳುವ ಮೊದಲು ಸುತ್ತಲೂ ಗೀರುಗಳ ವಿಡಿಯೊ ಮಾಡಿಕೊಳ್ಳಲಿ, ಇಲ್ಲವಾದರೆ ಹಳೇ ಗೀರಿಗೆ ಹೊಸ ಬಿಲ್ಲು ಬರುತ್ತದೆ. ಪಾಸ್‌ಪೋರ್ಟ್ ಒತ್ತೆ ಕೇಳಿದರೆ ಜೆರಾಕ್ಸ್ ಮತ್ತು ಠೇವಣಿ ಕೊಡಲಿ, ಒಪ್ಪದಿದ್ದರೆ ಬೇರೆ ಅಂಗಡಿ. ಹೆಲ್ಮೆಟ್ ಇಬ್ಬರಿಗೂ. ಪೊಲೀಸರು ತಡೆದು ತಪ್ಪು ತೋರಿಸಿದರೆ ಜೇಬಿಗೆ ಕೈ ಹಾಕದೆ ‘ತಿಲಾಂಗ್’ ಕೊಡಿ ಎನ್ನಲಿ. ಅಧಿಕೃತ ದಂಡದ ಚೀಟಿಯ ಹೆಸರು ಅದು. ನಮ್ಮನ್ನು ಕೇಳಿದರೆ, ಎಂಟು ದಿನಕ್ಕೆ ಸ್ಕೂಟರೇ ಬೇಡ. ಚಾಲಕನ ಸಮೇತ ಕಾರು ದಿನಕ್ಕೆ ಸಾಮಾನ್ಯವಾಗಿ 6ರಿಂದ 8 ಲಕ್ಷ ರೂಪಿಯಾಗೆ ಸಿಗುತ್ತದೆ, ನಮ್ಮ ಲೆಕ್ಕದಲ್ಲಿ ಮೂರೂವರೆ ನಾಲ್ಕೂವರೆ ಸಾವಿರ. ಸಣ್ಣ ಓಡಾಟಕ್ಕೆ ಗ್ರ್ಯಾಬ್, ಗೊಜೆಕ್ ಆ್ಯಪುಗಳಿವೆ. ಕೆಲವು ಊರುಗಳಲ್ಲಿ ಸ್ಥಳೀಯ ಚಾಲಕರು ಆ್ಯಪಿನ ಕಾರನ್ನು ಒಳಗೆ ಬಿಡುವುದಿಲ್ಲ. ಅಲ್ಲಿ ವಾದಕ್ಕಿಳಿಯದೆ ದೊಡ್ಡ ರಸ್ತೆಯವರೆಗೆ ನಡೆದು ಹತ್ತಿದರಾಯಿತು.

ವಿಲ್ಲಾ ಕಾಯ್ದಿರಿಸಿದ್ದರೆ ಒಂದು ಮಾತು. ಬಾಲಿಯ ವಿಲ್ಲಾಗಳ ಬಚ್ಚಲು ಮನೆಗೆ ಬಹಳ ಕಡೆ ಸೂರಿರುವುದಿಲ್ಲ, ಆಕಾಶವೇ ಚಾವಣಿ. ಚಿತ್ರದಲ್ಲಿ ಚೆಂದ, ಕಳ್ಳ ಇಳಿಯುವುದೂ ಅಲ್ಲಿಂದಲೇ. ಬಚ್ಚಲಿನಿಂದ ಮಲಗುವ ಕೋಣೆಗೆ ಬರುವ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ ಎಂದು ಮೊದಲೇ ಕೇಳಿ ತಿಳಿಯಲಿ. ಲಾಕರು ಗೋಡೆಗೋ ಕಪಾಟಿಗೋ ಬಿಗಿದಿರಬೇಕು, ಕೈಯಲ್ಲಿ ಎತ್ತಿಕೊಂಡು ಹೋಗುವಂತಿದ್ದರೆ ಅದು ಲಾಕರಲ್ಲ.

ಕುಡಿಯುವ ಅಭ್ಯಾಸವಿದೆಯೋ ಇಲ್ಲವೋ, ಇಷ್ಟು ತಿಳಿದಿರಲಿ. ‘ಅರಾಕ್’ ಎಂಬುದು ಅಲ್ಲಿನ ಭಟ್ಟಿ ಸಾರಾಯಿ. 2009ರಲ್ಲಿ ಮೆಥನಾಲ್ ಎಂಬ ವಿಷದ ಮದ್ಯಸಾರ ಬೆರೆತ ಅರಾಕ್ ಕುಡಿದು ಬಾಲಿಯಲ್ಲಿ 25 ಮಂದಿ ಸತ್ತರು, ವಿದೇಶಿಯರೂ ಅದರಲ್ಲಿದ್ದರು. ಅಗ್ಗದ ಕಾಕ್‌ಟೇಲಿನಲ್ಲಿ ಏನು ಬೆರೆಸಿದ್ದಾರೆಂದು ಬಣ್ಣದಿಂದಲೂ ರುಚಿಯಿಂದಲೂ ತಿಳಿಯುವುದಿಲ್ಲ. ವಿಷದ ಲಕ್ಷಣ ಬರುವುದು ಹೆಚ್ಚಾಗಿ 12ರಿಂದ 24 ಗಂಟೆಯ ನಂತರ, ನಶೆ ಇಳಿದ ಮೇಲಿನ ತಲೆನೋವಿನ ಹಾಗೆಯೇ. ಕಣ್ಣು ಮಂಜಾದರೆ, ಮಂಜಿನ ಹನಿ ಉದುರಿದಂತೆ ಕಂಡರೆ, ಉಸಿರು ಜೋರಾದರೆ ಮಲಗಿಸಬಾರದು. ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ ಮೆಥನಾಲ್ ಎಂದು ಬಾಯಿಬಿಟ್ಟು ಹೇಳಬೇಕು. ಮದ್ದು ಇದೆ, ಹೊತ್ತು ಮೀರಿದರೆ ದೃಷ್ಟಿ ಉಳಿಯುವುದಿಲ್ಲ. ಕಣ್ಣೆದುರು ಮುಚ್ಚಳ ತೆಗೆದ ಬಿಯರ್ ಬಾಟಲಿಯ ಆಚೆಗೆ ಹೋಗದಿರುವುದು ಒಳ್ಳೆಯದು.

ಮಾದಕ ವಸ್ತುವಿನ ವಿಷಯದಲ್ಲಿ ಇಂಡೊನೇಷ್ಯಾದ ಕಾನೂನಿಗೆ ಕರುಣೆಯಿಲ್ಲ. ಸ್ವಲ್ಪ ಗಾಂಜಾಕ್ಕೂ ಜೈಲು, ಸಾಗಾಟಕ್ಕೆ ಮರಣದಂಡನೆಯೂ ಆಗಬಹುದು. ಬಾಲಿಯಿಂದ ಹೆರಾಯಿನ್ ಸಾಗಿಸಲು ಯತ್ನಿಸಿದ ಗುಂಪಿನ ಇಬ್ಬರು ಆಸ್ಟ್ರೇಲಿಯನ್ನರಿಗೆ 2015ರಲ್ಲಿ ಗುಂಡಿಟ್ಟು ಆ ಶಿಕ್ಷೆ ಜಾರಿ ಮಾಡಿದರು. ಬೇರೆಯವರ ಚೀಲ, ಪೊಟ್ಟಣ, “ನಮ್ಮ ಸಂಬಂಧಿಕರಿಗೆ ಕೊಟ್ಟುಬಿಡಿ” ಎನ್ನುವ ಉಡುಗೊರೆ ಯಾವುದನ್ನೂ ಹೊರಬಾರದು. ನಿದ್ದೆಯ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿ ಬೇಕಿದ್ದರೆ ವೈದ್ಯರ ಚೀಟಿ ಜೊತೆಗೇ ಇರಲಿ, ಮಾತ್ರೆ ಮೂಲ ಪೊಟ್ಟಣದಲ್ಲೇ ಇರಲಿ.

ಕಡಲಿನಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯುವುದು, ಬರೀ ಕೆಂಪು ಬಾವುಟವಿದ್ದರೆ ಇಳಿಯದಿರುವುದು. ಮಾರ್ಚ್‌ನಲ್ಲಿ ಕುಟದ ಕಡೆಯ ಅಲೆ ಒರಟು. ಉಲುವಾಟು ದೇವಸ್ಥಾನದ ಕೋತಿಗಳು ಕನ್ನಡಕ, ಫೋನು ಕಿತ್ತು, ತಿಂಡಿ ಕೊಟ್ಟರೆ ವಾಪಸ್ ಕೊಡುತ್ತವೆ. ಕಿತ್ತಾಡಿ ಕಚ್ಚಿಸಿಕೊಳ್ಳುವುದು ಬೇಡ. 2008ರಿಂದ ಬಾಲಿಯಲ್ಲಿ ರೇಬೀಸ್ ಇದೆ. ನಾಯಿಯೋ ಕೋತಿಯೋ ಕಚ್ಚಿದರೆ, ಪರಚಿದರೂ ಸಹ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಶುರು ಮಾಡಬೇಕು.

ಏನಾದರೂ ಆದರೆ ಅಲ್ಲಿಯೂ ತುರ್ತು ಸಂಖ್ಯೆ ನಮ್ಮ ಹೊಯ್ಸಳ ಬರುವ 112ರದ್ದೇ, ಪೊಲೀಸರಿಗೆ ನೇರ 110. ಕಪ್ಪು-ಬಿಳಿ ಚೌಕುಳಿ ಬಟ್ಟೆ ಉಟ್ಟ ಊರಿನ ಕಾವಲುಗಾರರು ‘ಪೆಚಲಾಂಗ್’, ಅವರನ್ನೂ ಕರೆಯಬಹುದು. ‘ತೋಲೋಂಗ್’ ಎಂದರೆ ಸಹಾಯ ಮಾಡಿ. ಕಳವಾದದ್ದು ಫೋನೇ ಆದರೂ ಠಾಣೆಗೆ ಹೋಗಿ ಕಳೆದ ಬಗ್ಗೆ ಲಿಖಿತ ಪತ್ರ ಪಡೆಯಬೇಕು, ವಿಮೆಗೆ ಅದೇ ಆಧಾರ. ಪಾಸ್‌ಪೋರ್ಟ್ ಹೋದರೆ ಮೊದಲು ಆ ಪತ್ರ, ನಂತರ ಡೆನ್‌ಪಸಾರಿನ ಭಾರತೀಯ ಕಾನ್ಸುಲೇಟಿನಲ್ಲಿ ತುರ್ತು ಪ್ರಯಾಣ ಪತ್ರ, ಆಮೇಲೆ ವಲಸೆ ಕಚೇರಿಯಲ್ಲಿ ಹೊರಹೋಗುವ ಅನುಮತಿ. ಈ ಕ್ರಮ ತಪ್ಪಿಸಲು ಬರುವುದಿಲ್ಲ, ದಿನಗಳೂ ಹಿಡಿಯುತ್ತವೆ. ವೀಸಾ 30 ದಿನದ್ದಾದ್ದರಿಂದ ಎಂಟು ದಿನದ ಪ್ರವಾಸಕ್ಕೆ ಅವಧಿಯ ಭಯವಿಲ್ಲ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ವಿಮೆಯ ಪ್ರತಿಗಳು ನಿಮ್ಮ ಫೋನಿನಲ್ಲೂ ಇರಲಿ. ಅವರ ಫೋನೇ ಹೋದಾಗ ದಾವಣಗೆರೆಯಿಂದ ಕಳಿಸಬೇಕಾದವರು ನೀವು.

ಕೊನೆಯದಾಗಿ, ಟಿಕೆಟ್ ಮಾಡಿಸುವ ಮೊದಲೇ ‘ನ್ಯೇಪಿ’ ಯಾವತ್ತು ಎಂದು ನೋಡಿಸಿ. ಬಾಲಿಯ ಹಿಂದೂಗಳ ಶಕ ವರ್ಷದ ಹೊಸ ದಿನ ಅದು, ಹೆಚ್ಚಾಗಿ ಮಾರ್ಚ್‌ನಲ್ಲಿ, ಕೆಲವು ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬೀಳುತ್ತದೆ. ಬೆಳಗಿನ 6ರಿಂದ ಮರುದಿನ ಬೆಳಗಿನ 6ರವರೆಗೆ ವಿಮಾನ ನಿಲ್ದಾಣ ಮುಚ್ಚಿರುತ್ತದೆ, ಪ್ರವಾಸಿಗರೂ ರಸ್ತೆಗಿಳಿಯುವಂತಿಲ್ಲ, ಮೊಬೈಲ್ ಇಂಟರ್ನೆಟ್ಟೂ ನಿಲ್ಲಿಸುತ್ತಾರೆ. ಆ ದಿನ ಮಗಳ ವಾಟ್ಸ್‌ಆ್ಯಪಿನಲ್ಲಿ ಒಂದೇ ಟಿಕ್ಕು ಬಿದ್ದರೆ ಗಾಬರಿಯಾಗಬೇಡಿ. ಉಳಿದ ದಿನಗಳಲ್ಲೂ ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಿಮ್ಮಲ್ಲಿ ರಾತ್ರಿ ಒಂಬತ್ತೂವರೆ ಆದಾಗ ಅಲ್ಲಿ ನಡುರಾತ್ರಿ. ಸಂಜೆ ಆರಕ್ಕೆ ದಿನಾ ಒಂದು ಫೋನು ಎಂದು ಈಗಲೇ ಮಾತಾಡಿಕೊಂಡುಬಿಡಿ.