ಆರು ಟೇಬಲ್ ಆಫೀಸಿಗೆ ಯಾವ ಫೋನ್?

ಹಾಸನದ ಬಿ.ಎಂ. ರಸ್ತೆಯಲ್ಲಿ ಹೊಸ ಆಫೀಸು, ಆರು ಟೇಬಲ್; ಹಳೇ ಥರದ ಇಂಟರ್‌ಕಾಮ್ ಹಾಕಿಸಲಾ, ಐಪಿ ಫೋನಾ (ಕಂಪ್ಯೂಟರ್ ನೆಟ್‌ವರ್ಕಿನಲ್ಲೇ ಮಾತು ಸಾಗಿಸುವ ಫೋನು) ಅಂತ ಕೇಳಿದ್ದೀರಿ. ಕಂಪ್ಯೂಟರಿಗೆ ಹೇಗೂ ಲ್ಯಾನ್ ಕೇಬಲ್ ಎಳೆಸುತ್ತೀರಲ್ವಾ? ಹಾಗಾದರೆ ಐಪಿ ಫೋನೇ ಸರಿ. ಇಂಟರ್ನೆಟ್ ಸಾಲದೇನೋ ಅನ್ನುವ ಭಯ ಬೇಡ. ಒಂದು ಕರೆಗೆ ಸುಮಾರು 100 ಕೆಬಿಪಿಎಸ್ ಸಾಕು. ಆರೂ ಜನ ಒಟ್ಟಿಗೆ ಮಾತಾಡಿದರೂ 1 ಎಂಬಿಪಿಎಸ್ ದಾಟುವುದಿಲ್ಲ.

ನಿಜವಾದ ತಲೆನೋವು ಕರೆಂಟು. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಮಳೆಗಾಲದಲ್ಲಿ ಊರೆಲ್ಲಾ ಕತ್ತಲಾದರೂ ಫೋನ್ ಹೊಡೆದುಕೊಳ್ಳುತ್ತಿತ್ತು. ಫೈಬರ್‌ನಲ್ಲಿ ಆ ಸುಖ ಇಲ್ಲ. ಲ್ಯಾನ್ ಕೇಬಲ್‌ಗಳನ್ನೆಲ್ಲಾ ಸೇರಿಸುವ ಪೆಟ್ಟಿಗೆಯಾಗಿ ಪಿಓಇ ಸ್ವಿಚ್ ತೆಗೆದುಕೊಳ್ಳಿ, ಒಂದೇ ಕೇಬಲಿನಲ್ಲಿ ಫೋನಿಗೆ ಕರೆಂಟೂ ಹೋಗುತ್ತದೆ. ಸ್ವಿಚ್, ಪಿಬಿಎಕ್ಸ್ ಬಾಕ್ಸ್ (ಆಫೀಸಿನ ಕರೆಗಳನ್ನು ಜೋಡಿಸುವ ಪೆಟ್ಟಿಗೆ), ರೌಟರ್, ಫೈಬರ್ ಮೋಡೆಮ್ ಎಲ್ಲವನ್ನೂ ಯುಪಿಎಸ್‌ಗೆ ಹಾಕಿ. ನಾನು ಮೋಡೆಮ್ ಒಂದನ್ನು ಮರೆತಿದ್ದೆ. ಫೋನುಗಳೆಲ್ಲಾ ಮಿಣಮಿಣ ಅಂತ ಹೊಳೆಯುತ್ತಿವೆ, ಹೊರಗೆ ಕರೆ ಮಾತ್ರ ಹೋಗುತ್ತಿಲ್ಲ!

ಹಾಸನದ 08172 ಲ್ಯಾಂಡ್‌ಲೈನ್ ನಂಬರೇ ಬೇಕಿದ್ದರೆ, ಸಿಪ್ ಟ್ರಂಕ್ (ಇಂಟರ್ನೆಟ್ ಕೇಬಲಿನಲ್ಲೇ ಬರುವ ಫೋನ್ ಲೈನು) ಕೊಡುತ್ತೀರಾ ಅಂತ ಕನೆಕ್ಷನ್ ಕೊಡುವವರನ್ನು ಮೊದಲೇ ಕೇಳಿ. ಇಲ್ಲ ಅಂದರೆ ಮಾಮೂಲಿ ಲೈನನ್ನು ಎಫ್‌ಎಕ್ಸ್‌ಓ ಗೇಟ್‌ವೇ (ಹಳೇ ಲೈನನ್ನು ಐಪಿ ಫೋನಿಗೆ ಹೊಂದಿಸುವ ಸಾಧನ) ಮೂಲಕ ಸೇರಿಸಬಹುದು, ಸ್ವಲ್ಪ ಖರ್ಚು ಜಾಸ್ತಿ ಅಷ್ಟೆ. ಬಾಕ್ಸ್ ಜೊತೆ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸಿ, ಬೇಡದಿದ್ದರೆ ಐಎಸ್‌ಡಿ ಲಾಕ್ ಮಾಡಿಸಿ. ಒಳಗೆ ನುಗ್ಗಿದವರು ರಾತ್ರೋರಾತ್ರಿ ವಿದೇಶಕ್ಕೆ ಕರೆ ಮಾಡಿದರೆ ಬಿಲ್ಲು ನಿಮ್ಮ ತಲೆಗೆ.